ಆರ್ಗ್ಯಾನಿಕ್ ಲ್ಯಾಬ್‌ನಲ್ಲಿ ಬಾಟಲಿ ಬದಲಿಸಿದರೆ ‘ಗ್ರೀನ್’ ಆಗುತ್ತದಾ? ಬಿಎಸ್ಸಿ ಪಾಠ ಮಾಡುವವರು, ಓದುವವರು ಹೇಳಿ

ಹನುಮಂತನಗರ_ಮೇಷ್ಟ್ರು

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿಯವರಿಗೆ ಆರ್ಗ್ಯಾನಿಕ್ ಪ್ರಾಕ್ಟಿಕಲ್ಸ್ ಮಾಡಿಸುತ್ತೇನೆ. ಗ್ರೀನ್ ಕೆಮಿಸ್ಟ್ರಿ, ಅಂದರೆ ಕಸವನ್ನೂ ವಿಷವನ್ನೂ ಕಡಿಮೆ ಮಾಡುವ ಕೆಮಿಸ್ಟ್ರಿ, ಥಿಯರಿ ಪೇಪರಿಗೆ ಬಂದು ಎಷ್ಟೋ ಕಾಲ ಆಯಿತು. ಅನಾಸ್ಟಾಸ್ ಮತ್ತು ವಾರ್ನರ್ 1998ರಲ್ಲಿ ಮುಂದಿಟ್ಟ 12 ತತ್ವಗಳನ್ನು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಮಧ್ಯಾಹ್ನ ಲ್ಯಾಬಿಗೆ ಬರುತ್ತಾರೆ, ಅಸಿಟನಿಲೈಡ್‌ಗೆ ಬ್ರೋಮಿನ್ ಹಾಕುತ್ತಾರೆ, ಹರಳು ಸೋಸಿಕೊಳ್ಳುತ್ತಾರೆ, ಉಳಿದದ್ದನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತಾರೆ. ಬೆಳಗಿನ ಪಾಠಕ್ಕೂ ಮಧ್ಯಾಹ್ನದ ಕೆಲಸಕ್ಕೂ ಸಂಬಂಧವೇ ಇಲ್ಲ.

ಸಿಲಬಸ್ ಬೇರೆ ಪದೇ ಪದೇ ಬದಲಾಗುತ್ತಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024ರಿಂದ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ). ಪ್ರಯೋಗಗಳ ಪಟ್ಟಿ ಹಿಂದೆ ಮುಂದೆ ಆಗುತ್ತದೆ, ಮಾಡುವ ರೀತಿ ಮಾತ್ರ ಹಾಗೇ ಉಳಿದಿದೆ. ಈಗ ನಮ್ಮ ವಿಭಾಗದಲ್ಲಿ ‘ಒಂದಷ್ಟು ಗ್ರೀನ್ ಪ್ರಯೋಗ ಸೇರಿಸೋಣ’ ಅನ್ನುವ ಮಾತು ಎದ್ದಿದೆ. ಬಂದ ಸಲಹೆ ಎಲ್ಲ ಒಂದೇ ಥರ. ಬ್ರೋಮಿನ್ ತೆಗೆದು ಸೆರಿಕ್ ಅಮೋನಿಯಂ ನೈಟ್ರೇಟ್ ಇಡಿ, ಸಯನೈಡ್ ತೆಗೆದು ಥಯಮಿನ್ ಇಡಿ, ಮುಗಿಯಿತು. ನನಗೆ ಇದು ಸಾಲದು. ಹುಡುಗ ಹುಡುಗಿಯರು ತಾವೇ ತೂಕ ಮಾಡಿ, ಲೆಕ್ಕ ಹಾಕಿ, ಎರಡು ದಾರಿಯಲ್ಲಿ ಯಾವುದು ಮೇಲು, ಯಾಕೆ ಮೇಲು ಅಂತ ಹೇಳುವ ಹಾಗಾಗಬೇಕು. 30 ಜನರ ಬ್ಯಾಚಿನಲ್ಲಿ, 3 ಗಂಟೆಯ ಪ್ರಾಕ್ಟಿಕಲ್‌ನಲ್ಲಿ ಇದು ಆಗುತ್ತದಾ? ಮಾಡಿಸಿದವರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಫೈನಲ್_ಇಯರ್_ಬಿಎಸ್ಸಿ

ಸರ್, ನಮ್ಮ ಕಾಲೇಜಿನಲ್ಲೂ ಇದೇ ಕಥೆ. ರೆಕಾರ್ಡ್ ಬುಕ್ಕಿನಲ್ಲಿ ‘ಗ್ರೀನ್ ಸಿಂಥೆಸಿಸ್’ ಅಂತ ತಲೆಬರಹ ಬರೆಸಿದರು. ಯಾಕೆ ಗ್ರೀನ್ ಅಂತ ಕೇಳಿದರೆ ‘ಬುಕ್ಕಲ್ಲಿ ಇದೆ, ಬರ್ಕೊಳಿ’ ಅಂದರು.

ಎಂಎಸ್ಸಿ_ಹುಡುಗಿ

ಬಾಟಲಿ ಬದಲಿಸುವುದನ್ನು ಅಷ್ಟು ಹಗುರ ಮಾಡಬೇಡಿ ಮೇಷ್ಟ್ರೇ. ಬೆಂಜಾಯಿನ್‌ಗೆ ಸಯನೈಡ್ ಬಿಟ್ಟು ಥಯಮಿನ್ ಅಂದರೆ ಅದು ಸಣ್ಣ ವಿಷಯ ಅಲ್ಲ. ಎರಡೂ ದಾರಿಯಲ್ಲಿ ಆಟಮ್ ಎಕಾನಮಿ, ಅಂದರೆ ಹಾಕಿದ ವಸ್ತುಗಳ ತೂಕದಲ್ಲಿ ಪ್ರಾಡಕ್ಟಿಗೆ ಸೇರುವ ಪಾಲು, 100 ಶೇಕಡಾನೇ, ಎರಡು ಬೆಂಜಾಲ್ಡಿಹೈಡ್ ಸೇರಿ ಒಂದು ಬೆಂಜಾಯಿನ್, ಯಾವ ಪರಮಾಣುವೂ ಹೊರಗೆ ಹೋಗಲ್ಲ. ಲೆಕ್ಕ ಒಂದೇ. ಆದರೂ ಒಂದರಲ್ಲಿ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಏಳುತ್ತದೆ, ಇನ್ನೊಂದು ವಿಟಮಿನ್ ಬಿ1. ನಿಮ್ಮ ತೂಕದ ಲೆಕ್ಕ ಈ ವ್ಯತ್ಯಾಸವನ್ನು ಹಿಡಿಯುವುದೇ ಇಲ್ಲ ಅಲ್ವಾ?

ಅದೂ ಅಲ್ಲದೆ ಮೆಕ್ಯಾನಿಸಂ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ. ಥಯಮಿನ್‌ನೊಳಗಿನ ಥಯಜೋಲಿಯಂ ರಿಂಗಿನ ಒಂದು ಪ್ರೋಟಾನ್ ಹೋದರೆ ಸಾಕು, ಸಯನೈಡ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ ಅಂತ ಬ್ರೆಸ್ಲೋ 1958ರಲ್ಲೇ ತೋರಿಸಿದ್ದಾರೆ. ನಮ್ಮ ಮೈಯೊಳಗೆ ನಡೆಯುವ ಕೆಮಿಸ್ಟ್ರಿ ಟೆಸ್ಟ್ ಟ್ಯೂಬಿನಲ್ಲಿ ಕಾಣುತ್ತದೆ.

ನಿವೃತ್ತ_ಉಪನ್ಯಾಸಕಿ

ಚೆನ್ನಾಗಿ ಹೇಳಿದೆಯಮ್ಮ. ಆದರೆ ಥಯಮಿನ್ ದಾರಿಯಲ್ಲಿ ಅರ್ಧ ಬ್ಯಾಚಿಗೆ ಹರಳೇ ಬರುವುದಿಲ್ಲ. ಆಮೇಲೆ ಎಕ್ಸಾಮಿನರ್ ಮುಂದೆ ಮಕ್ಕಳು ಖಾಲಿ ಫಿಲ್ಟರ್ ಪೇಪರ್ ಹಿಡಿದು ನಿಲ್ಲುತ್ತಾರೆ. ಅದಕ್ಕೆ ಮೇಷ್ಟ್ರುಗಳು ಹಳೆಯ ವಿಧಾನ ಬಿಡುವುದಿಲ್ಲ.

ಎಂಎಸ್ಸಿ_ಹುಡುಗಿ

ಮೇಡಂ, ಹರಳು ಬರದೇ ಇರುವುದಕ್ಕೆ ಥಯಮಿನ್ ಕಾರಣ ಅಲ್ಲ, ಹಳೆಯ ಬೆಂಜಾಲ್ಡಿಹೈಡ್ ಕಾರಣ. ಸ್ಟೋರಿನ ಬಾಟಲಿ ಮುಚ್ಚಳದ ಸುತ್ತ ಬಿಳಿ ಪುಡಿ ಕಟ್ಟಿರುತ್ತದಲ್ಲ, ಅದು ಬೆಂಜೋಯಿಕ್ ಆಸಿಡ್. ಗಾಳಿ ತಾಗಿ ಆಗಿದ್ದು. ಅದು ಒಳಗೆ ಹೋದರೆ ನೀವು ಹಾಕಿದ ಸೋಡಿಯಂ ಹೈಡ್ರಾಕ್ಸೈಡ್ ಅದಕ್ಕೇ ಖರ್ಚಾಗುತ್ತದೆ, ಥಯಮಿನ್‌ನಿಂದ ಪ್ರೋಟಾನ್ ತೆಗೆಯಲು ಏನೂ ಉಳಿಯಲ್ಲ. ಬೆಂಜಾಲ್ಡಿಹೈಡನ್ನು ಮೊದಲು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುಲುಕಿ ತೊಳೆಯಿರಿ, ಸಾಧ್ಯವಾದರೆ ಡಿಸ್ಟಿಲ್ ಮಾಡಿ.

ಇನ್ನೊಂದು, ಆಲ್ಕಲಿ ಹಾಕುವಾಗ ಫ್ಲಾಸ್ಕ್ ಐಸ್‌ನಲ್ಲಿ ಇರಬೇಕು. ಹನಿ ಹನಿಯಾಗಿ, 20 ಡಿಗ್ರಿ ದಾಟದ ಹಾಗೆ. ದ್ರಾವಣ ಹಳದಿ ಆಗುತ್ತದೆ, ಕೈಯಾಡಿಸುತ್ತಾ ಇದ್ದರೆ ಹಳದಿ ಕರಗುತ್ತದೆ. ಗಡಿಬಿಡಿಯಲ್ಲಿ ಒಂದೇ ಸಲ ಸುರಿದರೆ ಥಯಮಿನ್ ಒಡೆದು ಹೋಗುತ್ತದೆ. ಆಮೇಲೆ ಬೆಂಜಾಲ್ಡಿಹೈಡ್ ಹಾಕಿ ಕಾರ್ಕ್ ಮುಚ್ಚಿ ಮುಂದಿನ ಕ್ಲಾಸಿನವರೆಗೆ ಕಪಾಟಿನಲ್ಲಿ ಇಟ್ಟುಬಿಡಿ. ಬಿಸಿ ಮಾಡುವ ಖರ್ಚೂ ಇಲ್ಲ.

ನಿವೃತ್ತ_ಉಪನ್ಯಾಸಕಿ

ಮುಂದಿನ ಕ್ಲಾಸಿನವರೆಗೆ ಇಡಬಹುದು, ಪರೀಕ್ಷೆಯ ದಿನ ಇಡಲು ಆಗುತ್ತದಾ? ಅದೇ ನನ್ನ ಪ್ರಶ್ನೆ. ಪ್ರಯೋಗ ಬದಲಿಸುವ ಮೊದಲು ಪರೀಕ್ಷೆ ಬದಲಿಸಿ.

ಜಿಗಣಿ_ಪ್ರೋಸೆಸ್

ನಾನು ಔಷಧ ಕಂಪನಿಯಲ್ಲಿ ಪ್ರೋಸೆಸ್ ಡೆವಲಪ್‌ಮೆಂಟ್ ಕೆಲಸದವನು. ಮೇಷ್ಟ್ರ ಪರವಾಗಿ ಒಂದು ಲೆಕ್ಕ ಕೊಡುತ್ತೇನೆ, ನೀವೇ ನೋಡಿ.

ಅಣು ತೂಕ ನೋಡಿದರೆ ಅಸಿಟನಿಲೈಡ್ 135, ಬ್ರೋಮಿನ್ 160. ಒಟ್ಟು 295. ಬರುವ ಪ್ಯಾರಾ-ಬ್ರೋಮೋಅಸಿಟನಿಲೈಡ್ 214. ಟ್ರೋಸ್ಟ್ 1991ರಲ್ಲಿ ಹೇಳಿದ ಆಟಮ್ ಎಕಾನಮಿ ಪ್ರಕಾರ ಸುಮಾರು 73 ಶೇಕಡಾ. ಈಗ ‘ಗ್ರೀನ್’ ದಾರಿಗೆ ಬನ್ನಿ. ಪೊಟ್ಯಾಶಿಯಂ ಬ್ರೋಮೈಡ್ 119. ಸೆರಿಕ್ ಅಮೋನಿಯಂ ನೈಟ್ರೇಟ್ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಇಲ್ಲಿ ಬೇಕಾದದ್ದು ಎರಡು. ಅಂದರೆ 548ರ ಎರಡು ಪಾಲು, ಹತ್ತಿರ ಹತ್ತಿರ 1,096. ಎಲ್ಲ ಕೂಡಿದರೆ 1,350. ಅದರಲ್ಲಿ ನಮಗೆ ಬೇಕಾದದ್ದು 214. ಶೇಕಡಾ 16 ಕೂಡ ತುಂಬುವುದಿಲ್ಲ! ಉಳಿದದ್ದು ಸೀರಿಯಂ ಇರುವ ನೀರು. ಅದು ಎಲ್ಲಿಗೆ ಹೋಗುತ್ತದೆ? ಸಿಂಕಿಗೆ.

ಫೈನಲ್_ಇಯರ್_ಬಿಎಸ್ಸಿ

ಅಯ್ಯೋ, ಇದನ್ನೇ ನಾವು ಗ್ರೀನ್ ಅಂತ ಬರೆದಿದ್ದು!

ಮಲ್ಲೇಶ್ವರ_ಕೆಮಿಸ್ಟ್ರಿ

ಇದು ಅರ್ಧ ಸತ್ಯ ಸ್ವಾಮಿ. ಬ್ರೋಮಿನ್ ಬಾಟಲಿ ತೆರೆದು ನೋಡಿದ್ದೀರಾ? ಅದರ ಹೊಗೆ ಗಂಟಲಿಗೆ ಹೋದರೆ ಏನಾಗುತ್ತದೆ ಅಂತ ಗೊತ್ತಾ? ಚರ್ಮಕ್ಕೆ ಬಿದ್ದರೆ ಸುಟ್ಟ ಗಾಯ. ಎಷ್ಟೋ ಕಾಲೇಜುಗಳಲ್ಲಿ ಹೊಗೆ ಹೊರಗೆ ಎಳೆಯುವ ಫ್ಯೂಮ್ ಹುಡ್ ಇದ್ದರೂ ಫ್ಯಾನ್ ತಿರುಗಲ್ಲ. ಆಟಮ್ ಎಕಾನಮಿ 73 ಅಂತ 19 ವರ್ಷದ ಹುಡುಗಿಯ ಕೈಗೆ ಬ್ರೋಮಿನ್ ಕೊಡಬೇಕಾ? ಸೀರಿಯಂ ದಾರಿಯಲ್ಲಿ ನೀರು, ಆಲ್ಕೋಹಾಲ್ ಸಾಕು, ರೂಮಿನ ಬಿಸಿಯಲ್ಲೇ ಕೆಲವೇ ನಿಮಿಷದಲ್ಲಿ ಬಿಳಿ ಹರಳು ಕಾಣುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯಪಡೆ ಹೊರತಂದ ಪ್ರಯೋಗಗಳ ಕೈಪಿಡಿಯಲ್ಲೂ ಈ ವಿಧಾನ ಇದೆ. ಸುಮ್ನೆ ಹಾಕಿಲ್ಲ ಅವರು.

ಜಿಗಣಿ_ಪ್ರೋಸೆಸ್

ಕೆಟ್ಟದ್ದು ಅಂತ ನಾನು ಹೇಳಲೇ ಇಲ್ಲ. ಸುರಕ್ಷತೆಯಲ್ಲಿ ಅದು ಮೇಲು, ಕಸದಲ್ಲಿ ಕೀಳು. ಎರಡನ್ನೂ ಮಕ್ಕಳ ಮುಂದೆ ಇಡಿ ಅಂತ ಹೇಳಿದ್ದು. ಮೂರನೇ ದಾರಿಯೂ ಇದೆ. ಸೋಡಿಯಂ ಬ್ರೋಮೈಡ್, ಅಸಿಟಿಕ್ ಆಸಿಡ್, ಬಟ್ಟೆಗೆ ಹಾಕುವ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಬ್ರೋಮಿನ್ ಅಲ್ಲೇ ಹುಟ್ಟಿ ಅಲ್ಲೇ ಖರ್ಚಾಗುತ್ತದೆ. ಆಟಮ್ ಎಕಾನಮಿ 57 ಚಿಲ್ಲರೆ. ಉಳಿಯುವುದು ಉಪ್ಪು, ಸೋಡಿಯಂ ಅಸಿಟೇಟ್, ನೀರು. ಹುಷಾರು, ಬ್ಲೀಚ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಏಳಬಹುದು. ಹುಡ್ ಒಳಗೆ, ತಣ್ಣಗೆ, ನಿಧಾನಕ್ಕೆ ಹಾಕಬೇಕು. ಕೊನೆಗೆ ಥಯೋಸಲ್ಫೇಟ್ ಹಾಕಿ ಉಳಿದದ್ದನ್ನು ಕೊಲ್ಲಬೇಕು. ಬ್ಲೀಚ್ ಇಟ್ಟಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಹೊಸದನ್ನೇ ತನ್ನಿ.

ಹನುಮಂತನಗರ_ಮೇಷ್ಟ್ರು

ನನಗೆ ಬೇಕಾಗಿದ್ದು ಇಂಥದ್ದೇ! ಮೂರು ದಾರಿ, ಒಂದೇ ಪ್ರಾಡಕ್ಟ್. ಬ್ರೋಮಿನ್ ದಾರಿಯನ್ನು ಕಾಗದದ ಮೇಲೆ ಮಾತ್ರ ಲೆಕ್ಕ ಹಾಕಿಸಿ, ಉಳಿದ ಎರಡನ್ನು ಬ್ಯಾಚ್ ಅರ್ಧರ್ಧ ಮಾಡಿ ಮಾಡಿಸಬಹುದು. ಕೊನೆಯ ಅರ್ಧ ಗಂಟೆ ಇಬ್ಬರೂ ಬೋರ್ಡ್ ಮುಂದೆ ಜಗಳ ಆಡಲಿ.

ನಿವೃತ್ತ_ಉಪನ್ಯಾಸಕಿ

ಜಗಳ ಆಡಲಿ, ಸಂತೋಷ. ಆದರೆ ಒಂದು ಮಾತು. ಅಪಾಯದ ವಸ್ತು ಎಲ್ಲ ತೆಗೆದುಬಿಟ್ಟರೆ ನಾಳೆ ಫ್ಯಾಕ್ಟರಿಗೆ ಹೋದ ಹುಡುಗ ಬ್ರೋಮಿನ್ ಹಿಡಿಯುವುದನ್ನು ಎಲ್ಲಿ ಕಲಿಯುತ್ತಾನೆ? ರಿಫ್ಲಕ್ಸ್, ಡಿಸ್ಟಿಲೇಷನ್, ಸೆಪರೇಟಿಂಗ್ ಫನೆಲ್, ಇವೆಲ್ಲ ಕೈಗೆ ಬರಬೇಕು. ಎಲ್ಲವನ್ನೂ ಕಲ್ಲಿನಲ್ಲಿ ಅರೆದು ಮುಗಿಸಿದರೆ ಕೆಮಿಸ್ಟ್ ಆಗುವುದಿಲ್ಲ.

ಜಿಗಣಿ_ಪ್ರೋಸೆಸ್

ಮೇಡಂ, ಕೈ ಕೆಲಸದ ವಿಷಯ ಪೂರ್ತಿ ಒಪ್ಪುತ್ತೇನೆ. ಬ್ರೋಮಿನ್ ವಿಷಯ ಒಪ್ಪಲ್ಲ. ನಮ್ಮಲ್ಲಿಗೆ ಬಂದ ಹೊಸಬರಿಗೆ ಅದನ್ನು ನಾವೇ ಸರಿಯಾದ ಮುಖವಾಡ, ಸರಿಯಾದ ಹುಡ್ ಇಟ್ಟು ಕಲಿಸುತ್ತೇವೆ. ಅವರು ಕಲಿತು ಬರದೇ ಇರುವುದು ಬೇರೆ. ‘ಈ ಸ್ಟೆಪ್‌ನಲ್ಲಿ ಒಂದು ಕಿಲೋ ಪ್ರಾಡಕ್ಟಿಗೆ ಎಷ್ಟು ಕಿಲೋ ಕಸ?’ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಶೆಲ್ಡನ್ 1992ರಲ್ಲಿ ಕೊಟ್ಟ ಇ-ಫ್ಯಾಕ್ಟರ್ ಅಷ್ಟೇ ಇದು. ಪೆಟ್ರೋಲ್ ಶುದ್ಧೀಕರಣದಲ್ಲಿ ಅದು 0.1ರ ಹತ್ತಿರ, ದೊಡ್ಡ ಪ್ರಮಾಣದ ಕೆಮಿಕಲ್‌ನಲ್ಲಿ 1ರಿಂದ 5, ಔಷಧದಲ್ಲಿ 25ರಿಂದ 100, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಔಷಧದ ಕಸದಲ್ಲಿ ಹೆಚ್ಚಿನ ಪಾಲು ಸಾಲ್ವೆಂಟು, ಅಂದರೆ ಕರಗಿಸಲು ಹಾಕುವ ದ್ರವ. ಐಬುಪ್ರೊಫೆನ್ ಹಳೆಯ ದಾರಿಯಲ್ಲಿ 6 ಹಂತ, ಆಟಮ್ ಎಕಾನಮಿ 40 ಶೇಕಡಾ. ಹೊಸ ದಾರಿಯಲ್ಲಿ 3 ಹಂತ, 77 ಶೇಕಡಾ. ಈ ಥರ ಯೋಚಿಸುವವರು ನಮಗೆ ಬೇಕು.

ಸ್ಟೋರ್_ನೋಡುವವನು

ನಾನು ಲ್ಯಾಬ್ ಅಸಿಸ್ಟೆಂಟ್. ಮೇಷ್ಟ್ರುಗಳ ಚರ್ಚೆಯಲ್ಲಿ ನಮ್ಮ ಮಾತು ಬರುವುದೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಸ ಅಂದಿರಲ್ಲ, ಅದು ಕೊನೆಗೆ ನಮ್ಮ ಕೈಗೆ ಬರುತ್ತದೆ. ಎಲ್ಲ ಬ್ಯಾಚ್ ಮುಗಿದ ಮೇಲೆ ಬೀಕರುಗಳಲ್ಲಿ ಏನು ಉಳಿದಿದೆ ಅಂತ ಯಾರೂ ಬರೆದಿಟ್ಟಿರಲ್ಲ. ಹಳದಿ ನೀರು, ಕಂದು ನೀರು, ತಳದಲ್ಲಿ ಅಂಟು. ಮೂಸಿ ನೋಡಿ ಗುರುತು ಹಿಡಿಯಬೇಕಾ? ಗಾಜಿನ ಸಾಮಾನು ತೊಳೆಯಲು ಇವತ್ತಿಗೂ ಕೆಲವು ಕಡೆ ಕ್ರೋಮಿಕ್ ಆಸಿಡ್ ಬಳಸುತ್ತಾರೆ. ಆ ಕೇಸರಿ ಬಣ್ಣದ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಸೋಪಿನ ನೀರಲ್ಲಿ ನೆನೆಸಿ, ಆಲ್ಕೋಹಾಲಿನಲ್ಲಿ ತೊಳೆದರೆ ಬಹುತೇಕ ಎಲ್ಲ ಹೋಗುತ್ತದೆ. ಹೊಸ ಪ್ರಯೋಗ ತರುವ ಮೊದಲು ಇದನ್ನು ನಿಲ್ಲಿಸಿ. ಸಿಂಕ್ ಪಕ್ಕ ಮೂರು ಕ್ಯಾನ್ ಇಡಿ: ಕ್ಲೋರಿನ್ ಇರುವ ಸಾಲ್ವೆಂಟ್, ಕ್ಲೋರಿನ್ ಇಲ್ಲದ ಸಾಲ್ವೆಂಟ್, ಲೋಹ ಇರುವ ನೀರು. ಮಕ್ಕಳೇ ಸುರಿಯಲಿ, ಮಕ್ಕಳೇ ಚೀಟಿ ಬರೆಯಲಿ.

ಎಂಎಸ್ಸಿ_ಹುಡುಗಿ

ಅಣ್ಣ, ಇಡೀ ಚರ್ಚೆಯಲ್ಲಿ ಇದೇ ಮುಖ್ಯವಾದ ಮಾತು.

ಕೆರೆ_ಕಾವಲು

ಕೆಮಿಸ್ಟ್ರಿ ನನಗೆ ಪಿಯುಸಿಗೇ ಮುಗಿಯಿತು, ಆದರೂ ಸಿಂಕ್ ಅಂದ ತಕ್ಷಣ ಸುಮ್ಮನಿರಲು ಆಗಲ್ಲ. ಪಶ್ಚಿಮ ಬೆಂಗಳೂರಿನ ಚರಂಡಿ ನೀರು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಆಮೇಲೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೈರಮಂಗಲದ ಸುತ್ತ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯುತ್ತಾರೆ. ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ ಬೆಂಕಿ ಹತ್ತಿದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನೀರಿಗೇ ಬೆಂಕಿ ಹತ್ತುವ ಊರಿನಲ್ಲಿ ಕೆಮಿಸ್ಟ್ರಿ ಕಲಿಸುವವರು ಸಿಂಕಿನ ಬಗ್ಗೆ ಮೊದಲ ದಿನವೇ ಹೇಳಬೇಕಲ್ಲವಾ?

ಮಲ್ಲೇಶ್ವರ_ಕೆಮಿಸ್ಟ್ರಿ

ಬೆಳ್ಳಂದೂರಿನ ನೊರೆ ಬಂದದ್ದು ಮನೆ ಮನೆಯ ಕೊಳಚೆ, ಡಿಟರ್ಜೆಂಟ್‌ನಿಂದ. ಕಾಲೇಜು ಲ್ಯಾಬಿನಿಂದ ಅಲ್ಲ. ಎರಡನ್ನೂ ಕಲಸಬೇಡಿ.

ಕೆರೆ_ಕಾವಲು

ಕಲಸುತ್ತಿಲ್ಲ. ಲ್ಯಾಬಿನ ಪಾಲು ಚಿಕ್ಕದು ನಿಜ. ಅಲ್ಲಿ ಅಭ್ಯಾಸ ಆದ ಕೈ ನಾಳೆ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ದೊಡ್ಡ ವಾಲ್ವ್ ತಿರುಗಿಸುತ್ತದೆ, ಅದು ನನ್ನ ಚಿಂತೆ.

ಪಂಪ್_ಹಾಕಿದವಳು

ನೀರಿನ ಮಾತು ಬಂತಲ್ಲ, ಕಂಡೆನ್ಸರ್ ಬಗ್ಗೆ ಯಾರೂ ಹೇಳಲಿಲ್ಲ! ಕುದಿಯುವ ಆವಿಯನ್ನು ತಣಿಸಿ ವಾಪಸ್ ಬೀಳಿಸುವ ಒಂದು ರಿಫ್ಲಕ್ಸ್ ಕಂಡೆನ್ಸರ್‌ಗೆ ನಿಮಿಷಕ್ಕೆ ಒಂದು ಲೀಟರ್ ಬಿಟ್ಟರೂ ಗಂಟೆಗೆ 60 ಲೀಟರ್. 20 ಕಂಡೆನ್ಸರ್ ಇದ್ದರೆ 1,200 ಲೀಟರ್, ಎಲ್ಲ ಶುದ್ಧ ನೀರು, ಸೀದಾ ಚರಂಡಿಗೆ. ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಪಂಪು ಇದಕ್ಕಿಂತ ಎಷ್ಟೋ ಜಾಸ್ತಿ ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಾ? ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದವರಿಗೆ ಈ ಲೆಕ್ಕ ಬೇರೆ ಹೇಳಬೇಕಾಗಿಲ್ಲ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಆ ಕರೆಂಟೂ ಲೆಕ್ಕಕ್ಕೆ ಸೇರಬೇಕು.

ನಾವು ಮಾಡಿದ್ದು ಇಷ್ಟೇ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಪಂಪು, ಒಂದು ದೊಡ್ಡ ಬಕೆಟ್, ನಾಲ್ಕೈದು ಕಂಡೆನ್ಸರನ್ನು ರಬ್ಬರ್ ಟ್ಯೂಬಿನಲ್ಲಿ ಸಾಲಾಗಿ ಜೋಡಿಸಿದ್ದು. ಅದೇ ನೀರು ಸುತ್ತುತ್ತಾ ಇರುತ್ತದೆ. ಟ್ಯೂಬಿನ ಕೀಲಿಗೆ ತಂತಿ ಬಿಗಿಯಬೇಕು, ಇಲ್ಲದಿದ್ದರೆ ಪಂಪ್ ಆನ್ ಮಾಡಿದ ಕೂಡಲೇ ಕಳಚಿ ಮೇಜೆಲ್ಲ ನೀರು. ಪಂಪಿನ ವೈರು ಬಕೆಟ್‌ನಿಂದ ಪ್ಲಗ್ ಕಡೆಗೆ ನೇರ ಹೋಗದೆ ಮಧ್ಯದಲ್ಲಿ ಕೆಳಗೆ ಜೋತು ಬೀಳಬೇಕು. ಆಗ ಹನಿ ಪ್ಲಗ್‌ಗೆ ಹೋಗಲ್ಲ.

ಹನುಮಂತನಗರ_ಮೇಷ್ಟ್ರು

ಇದನ್ನು ಖಂಡಿತ ಮಾಡುತ್ತೇವೆ. ಶೆಲ್ಡನ್ ಮೊದಲು ಕೊಟ್ಟ ಇ-ಫ್ಯಾಕ್ಟರ್ ಲೆಕ್ಕದಲ್ಲಿ ನೀರನ್ನು ಸೇರಿಸಿರಲಿಲ್ಲ. ಬೆಂಗಳೂರಿನಲ್ಲಿ ನೀರು ಬಿಟ್ಟು ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ. ನೀರಿಗೆ ಬೇರೆ ಕಾಲಂ ಇಡಿಸುತ್ತೇನೆ.

ಮಲ್ಲೇಶ್ವರ_ಕೆಮಿಸ್ಟ್ರಿ

ಅಸಿಟನಿಲೈಡ್‌ಗೆ ಕಂಡೆನ್ಸರಿಗೆ ನೀರೇ ಬೇಡ. ಅನಿಲಿನ್, ಅಸಿಟಿಕ್ ಆಸಿಡ್, ಚಿಟಿಕೆ ಸತುವಿನ ಪುಡಿ, ಉದ್ದನೆಯ ಏರ್ ಕಂಡೆನ್ಸರ್. ಅಸಿಟಿಕ್ ಆಸಿಡ್ ಕುದಿಯುವುದು 118 ಡಿಗ್ರಿಯಲ್ಲಿ, ಸಣ್ಣ ಉರಿ ಇದ್ದರೆ ಗಾಳಿಯಲ್ಲೇ ತಣಿದು ವಾಪಸ್ ಬೀಳುತ್ತದೆ. ಸತು ಇರುವುದು ಅನಿಲಿನ್ ಕಪ್ಪಾಗದ ಹಾಗೆ ನೋಡಿಕೊಳ್ಳಲು. ಆಟಮ್ ಎಕಾನಮಿ 88 ಶೇಕಡಾ, ಹೊರಗೆ ಹೋಗುವುದು ನೀರು ಮಾತ್ರ. ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ 69. ಅನ್‌ಹೈಡ್ರೈಡ್ ತರಿಸುವುದೇ ಒಂದು ತಲೆನೋವು ಬೇರೆ. ಹೆರಾಯಿನ್ ತಯಾರಿಗೆ ಬಳಸುತ್ತಾರೆ ಅಂತ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾನೂನಿನಡಿ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿದೆ, ಕಾಗದ ಪತ್ರ ಜಾಸ್ತಿ.

ನಿವೃತ್ತ_ಉಪನ್ಯಾಸಕಿ

ಅನ್‌ಹೈಡ್ರೈಡ್ ಹಾಕಿದರೆ ಕೆಲವೇ ನಿಮಿಷ, ಬಿಸಿಯೂ ಹೆಚ್ಚು ಬೇಡ. ನಿಮ್ಮ ದಾರಿಯಲ್ಲಿ ಮುಕ್ಕಾಲು ಗಂಟೆಗೂ ಜಾಸ್ತಿ ಉರಿ. ಆ ಗ್ಯಾಸನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಜಿಗಣಿ_ಪ್ರೋಸೆಸ್

ನೋಡಿ, ಮೇಡಂ ಈಗ ನಮ್ಮ ಕಡೆಯ ಪ್ರಶ್ನೆಯನ್ನೇ ಕೇಳಿದರು. ಪ್ರೋಸೆಸ್ ಮೀಟಿಂಗಿನಲ್ಲಿ ನಾವು ಕಿತ್ತಾಡುವುದು ಇದಕ್ಕೇ.

ಫೈನಲ್_ಇಯರ್_ಬಿಎಸ್ಸಿ

ಬಿಸಿಯೇ ಬೇಡದ ಪ್ರಯೋಗ ಇಲ್ವಾ?

ಎಂಎಸ್ಸಿ_ಹುಡುಗಿ

ಇದೆ. ಬೆಂಜೋಫಿನೋನ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಒಂದು ಹನಿ ಅಸಿಟಿಕ್ ಆಸಿಡ್ ಹಾಕಿ, ಬಿಗಿಯಾಗಿ ಮುಚ್ಚಿ ಕಾಲೇಜಿನ ಟೆರೇಸ್ ಮೇಲೆ ಬಿಸಿಲಿಗೆ ಇಡಿ. ಕೆಲವು ದಿನದಲ್ಲಿ ಬೆಂಜೋಪಿನಕಾಲ್ ಹರಳು ಟ್ಯೂಬಿನ ಗೋಡೆಗೆ ಕಟ್ಟಿಕೊಳ್ಳುತ್ತದೆ. ಆ ಹನಿ ಆಸಿಡ್ ಮರೆಯಬೇಡಿ, ಗಾಜಿನಲ್ಲಿರುವ ಚೂರು ಕ್ಷಾರವೇ ಪ್ರಾಡಕ್ಟನ್ನು ಒಡೆಯಲು ಸಾಕು. ಫೆಬ್ರವರಿ, ಮಾರ್ಚ್ ಬಿಸಿಲು ಇದಕ್ಕೆ ಚೆನ್ನ. ಜುಲೈ ಮೋಡದಲ್ಲಿ ತಾಳ್ಮೆ ಬೇಕು.

ಇನ್ನು ಬೆಂಜಾಲ್ಡಿಹೈಡ್, ಅಸಿಟೋನ್, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಖಲ್ಬತ್ತಿನಲ್ಲಿ ಅರೆದರೆ ಡೈಬೆಂಜಾಲ್ ಅಸಿಟೋನ್. ಮೊದಲು ಅಂಟು ಅಂಟು, ಅರೆಯುತ್ತಾ ಹೋದ ಹಾಗೆ ಹಳದಿ ಪುಡಿ. ಕನ್ನಡಕ ಹಾಕಿಯೇ ಅರೆಯಬೇಕು, ಆಲ್ಕಲಿ ಸಿಡಿಯುತ್ತದೆ.

ಕೆರೆ_ಕಾವಲು

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸಬಹುದಲ್ಲ? ನಮ್ಮೂರಿನ ರಸ್ತೆ ಬದಿಯೆಲ್ಲ ಹೊಂಗೆ ಮರ.

ಮಲ್ಲೇಶ್ವರ_ಕೆಮಿಸ್ಟ್ರಿ

ಮಾಡಿಸಬಹುದು. ಆದರೆ ಹೊಂಗೆ ಎಣ್ಣೆಯಲ್ಲಿ ಫ್ರೀ ಫ್ಯಾಟಿ ಆಸಿಡ್ ಜಾಸ್ತಿ. ನೇರವಾಗಿ ಮೆಥನಾಲ್, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದರೆ ಸೋಪ್ ಕಟ್ಟಿಕೊಂಡು ಪದರವೇ ಬೇರೆ ಆಗಲ್ಲ. ಮೊದಲು ಆಸಿಡ್ ಹಾಕಿ ಒಂದು ಸುತ್ತು ಎಸ್ಟರ್ ಮಾಡಿಕೊಳ್ಳಬೇಕು. ಒಂದು ಪ್ರಾಕ್ಟಿಕಲ್‌ಗೆ ಉದ್ದವಾಯಿತು. ಕ್ಯಾಂಟೀನಿನಲ್ಲಿ ಬೋಂಡ ಕರಿದ ಎಣ್ಣೆ ತನ್ನಿ, ಆಸಿಡ್ ಎಷ್ಟಿದೆ ಅಂತ ಮೊದಲು ಟೈಟ್ರೇಟ್ ಮಾಡಿಸಿ, ಕಡಿಮೆ ಇದ್ದರೆ ಮುಂದುವರಿಯಿರಿ.

ಸ್ಟೋರ್_ನೋಡುವವನು

ಮಾಡಿದ ಪ್ರಾಡಕ್ಟ್ ಎಸೆಯಬೇಡಿ ಅಂತಲೂ ಸೇರಿಸಿ. ಅಸಿಟನಿಲೈಡ್ ಪೊಟ್ಟಣಗಳು ಕಪಾಟು ತುಂಬ ಇರುತ್ತವೆ, ಪಕ್ಕದಲ್ಲೇ ಮುಂದಿನ ಬ್ಯಾಚಿನ ಬ್ರೋಮಿನೇಷನ್‌ಗೆ ಅಸಿಟನಿಲೈಡ್ ಬಾಟಲಿ ಹೊಸದಾಗಿ ಬಂದಿರುತ್ತದೆ! ಮೆಲ್ಟಿಂಗ್ ಪಾಯಿಂಟ್ ಸರಿ ಇದ್ದರೆ ಅದನ್ನೇ ಕೊಡಿ. ಬೆಂಜಾಯಿನ್‌ನಿಂದ ಬೆಂಜಿಲ್, ಬೆಂಜಿಲ್‌ನಿಂದ ಬೆಂಜಿಲಿಕ್ ಆಸಿಡ್, ಹೀಗೆ ಸಾಲಾಗಿ ಮಾಡಿಸಿದರೆ ಖರೀದಿಯೂ ಕಡಿಮೆ ಆಗುತ್ತದೆ.

ಫೈನಲ್_ಇಯರ್_ಬಿಎಸ್ಸಿ

ಆಗ ನಾವು ಶುದ್ಧವಾಗಿ ಮಾಡುವುದಕ್ಕೆ ಒಂದು ಕಾರಣ ಸಿಗುತ್ತದೆ. ಈಗ ಯೀಲ್ಡ್, ಅಂದರೆ ಬಂದ ಪ್ರಾಡಕ್ಟಿನ ಪ್ರಮಾಣ, ಜಾಸ್ತಿ ತೋರಿಸಲು ಕೆಲವರು ಒದ್ದೆ ಹರಳನ್ನೇ ತೂಗುತ್ತಾರೆ.

ನಿವೃತ್ತ_ಉಪನ್ಯಾಸಕಿ

ಅದಕ್ಕೇ ಹೇಳಿದ್ದು, ಅಂಕ ಕೊಡುವ ರೀತಿ ಬದಲಾಗದೆ ಏನೂ ಆಗುವುದಿಲ್ಲ. ಯೀಲ್ಡ್‌ಗೆ ಮಾತ್ರ ಅಂಕ ಇದ್ದರೆ ಮಕ್ಕಳು ಯೀಲ್ಡ್ ಹಿಂದೆಯೇ ಓಡುತ್ತಾರೆ. ಲೆಕ್ಕಕ್ಕೆ, ಕಸ ವಿಂಗಡಣೆಗೆ, ವೈವಾದಲ್ಲಿ ಕೊಡುವ ಕಾರಣಕ್ಕೆ ಅಂಕ ಇಡಿ. ಇಂಟರ್ನಲ್ ಅಂಕ ಕಾಲೇಜಿನ ಕೈಯಲ್ಲೇ ಇದೆ, ಯೂನಿವರ್ಸಿಟಿಗೆ ಕಾಯಬೇಕಾಗಿಲ್ಲ.

ಹನುಮಂತನಗರ_ಮೇಷ್ಟ್ರು

ಮೇಡಂ, ಇಂಟರ್ನಲ್‌ನಲ್ಲಿ ಈ ಸೆಮಿಸ್ಟರೇ ಶುರು ಮಾಡುತ್ತೇವೆ. ರೆಕಾರ್ಡ್ ಬುಕ್ಕಿಗೆ ಈ ಕಾಲಂಗಳು: ಹಾಕಿದ ಎಲ್ಲ ವಸ್ತುಗಳ ತೂಕ, ಸಾಲ್ವೆಂಟ್ ಸೇರಿಸಿ. ಒಣಗಿದ ಪ್ರಾಡಕ್ಟಿನ ತೂಕ. ಇ-ಫ್ಯಾಕ್ಟರ್. ನೀರು, ಲೀಟರಿನಲ್ಲಿ. ಉರಿಸಿದ ನಿಮಿಷ. ಯಾವ ಕ್ಯಾನಿಗೆ ಎಷ್ಟು ಹೋಯಿತು. 2 ಗ್ರಾಂ ಹರಳು ಬಂದು 60 ಗ್ರಾಂ ಹೊರಗೆ ಹೋಗಿದ್ದರೆ ಇ-ಫ್ಯಾಕ್ಟರ್ 30 ಅಂತ ಅವರೇ ಬರೆಯಲಿ. ಕೊನೆಗೆ ಎರಡು ಸಾಲು, ಇನ್ನೊಂದು ಸಲ ಮಾಡಿದರೆ ಏನು ಬದಲಿಸುತ್ತೀರಿ ಅಂತ. ವಿಷದ ವಿಚಾರಕ್ಕೆ ಬೇರೆ ಕಾಲಂ ಇರುತ್ತದೆ, ಎಂಎಸ್ಸಿ ಹುಡುಗಿ ಹೇಳಿದ ಸಯನೈಡ್ ಪ್ರಶ್ನೆ ತೂಕದಲ್ಲಿ ಬಗೆಹರಿಯುವುದಿಲ್ಲ.

ಸ್ಟೋರ್_ನೋಡುವವನು

ಕ್ಯಾನ್ ತುಂಬಿದ ಮೇಲೆ ಯಾರು ಒಯ್ಯುತ್ತಾರೆ, ಅದನ್ನೂ ಈಗಲೇ ಮಾತಾಡಿಕೊಳ್ಳಿ ಸರ್. 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇದೆ, ಅನುಮತಿ ಇರುವವರಿಗೇ ಕೊಡಬೇಕು. ಪ್ರಿನ್ಸಿಪಾಲರ ಸಹಿ ಬೇಕಾಗುತ್ತದೆ.

ಹನುಮಂತನಗರ_ಮೇಷ್ಟ್ರು

ಸೋಮವಾರದ ಸಭೆಗೆ ನೀವು ಹೇಳಿದ್ದನ್ನೇ ಮೊದಲ ವಿಷಯ ಮಾಡುತ್ತೇನೆ. ಪಂಪಿನ ಫೋಟೋ ಯಾರಾದರೂ ಹಾಕಿ, ಟ್ಯೂಬ್ ಜೋಡಿಸಿದ್ದು ಕಾಣುವ ಹಾಗೆ.

ಪಂಪ್_ಹಾಕಿದವಳು

ನಾಳೆ ಲ್ಯಾಬಿಗೆ ಹೋದಾಗ ತೆಗೆದು ಹಾಕುತ್ತೇನೆ. ಬಕೆಟ್ ನೀರು ಬೆಚ್ಚಗಾದರೆ ಐಸ್ ಹಾಕಬೇಡಿ, ಎರಡನೇ ಬಕೆಟ್ ಇಟ್ಟು ಬದಲಿಸಿ. ಬೆಚ್ಚಗಿನದು ಗಾಜು ತೊಳೆಯಲು ಆಗುತ್ತದೆ.